ಶಿರ್ತಾಡಿಗೆ ಕೊಟ್ಟ ಬೀಡಿ ಕೇಕು

ನಮ್ಮ ತಾಲೂಕಿನ ಗಂಡುಮಕ್ಕಳಿಗೆ ಎರಡು ವರ್ಷ ತುಂಬುವಾಗ ಜೆಸಿಬಿ ಕೇಕೇ ಆಗಬೇಕು. ಇದು ಯಾರು ಮಾಡಿದ ಕಾನೂನೋ ನನಗೆ ಗೊತ್ತಿಲ್ಲ. ನನ್ನ ಅಡುಗೆಮನೆಯಲ್ಲಿ ಹಳದಿ ಬಣ್ಣದ ಡಬ್ಬಿ ಖಾಲಿಯಾಗುವಷ್ಟು ಬೇಗ ಉಪ್ಪಿನ ಭರಣಿಯೂ ಖಾಲಿಯಾಗುವುದಿಲ್ಲ. ಬೆಳ್ತಂಗಡಿ ಪಕ್ಕದ ಲಾಯಿಲದ ಈ ಮನೆಯಲ್ಲಿ ಕೇಕು ಮಾಡಲು ಶುರುಮಾಡಿ ಎಂಟು ವರ್ಷವಾಯಿತು. ಬಂಟ್ವಾಳದ ಬಸ್ಸಿನವರೊಬ್ಬರಿಗೆ ಬೋರ್ಡು, ಹಿಂದಿನ ಏಣಿ ಸಮೇತ ಬಸ್ಸು ಮಾಡಿ ಕೊಟ್ಟಿದ್ದೇನೆ. ಕೊಕ್ಕಡದ ರಬ್ಬರ್ ತೋಟದವರೊಬ್ಬರಿಗೆ ಮರ, ಮರಕ್ಕೆ ಕಟ್ಟಿದ ಗೆರಟೆ, ಗೆರಟೆಗೆ ಇಳಿಯುವ ಬಿಳಿ ಚಾಕಲೇಟಿನ ಹಾಲು ಎಲ್ಲ ಮಾಡಿದ್ದೆ. ಅವರು ಕೇಕಿಗೆ ಒಂದು ಸುತ್ತು ಬಂದು, "ಇಷ್ಟು ಆಳ ಕೊಯ್ದರೆ ಮರ ಹಾಳಾಗ್ತದೆ" ಎಂದರು. ಸಕ್ಕರೆಯ ಮರ! ಬಾಯಿ ಮುಚ್ಚಿಕೊಂಡಿರುವ ಜಾಯಮಾನ ನನ್ನದಲ್ಲ. "ಹಾಳಾಗುವ ಮೊದಲು ತಿಂದು ಮುಗಿಸಿ" ಎಂದೆ. ಅವರು ನಕ್ಕರು, ಮರುವರ್ಷವೂ ನನ್ನಲ್ಲಿಗೇ ಬಂದರು.

ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಈ ಕೈಕೆಲಸ ಎಲ್ಲಿ ಕಲ್ತದ್ದು?" ಮಂಗಳೂರಿನಲ್ಲಿ ಕ್ಲಾಸಿಗೆ ಹೋಗಿದ್ದೆ ಎನ್ನುತ್ತಿದ್ದೆ. ಅದು ಸುಳ್ಳಲ್ಲ, ಹತ್ತು ದಿನ ಹೋಗಿದ್ದೆ. ಸ್ಪಾಂಜು ಬೇಯಿಸುವುದು, ಕ್ರೀಮು ಹೊಡೆಯುವುದು, ಒಂದರ ಮೇಲೊಂದು ಅಂತಸ್ತು ಕೂರಿಸುವುದು ಅಲ್ಲಿ ಕಲಿತದ್ದು. ಆದರೆ ನೋಡಿದವರು ಬಾಯಿಗೆ ಬೆರಳಿಡುತ್ತಿದ್ದುದು ಸ್ಪಾಂಜು ನೋಡಿ ಅಲ್ಲ. ಸಕ್ಕರೆ ಹಿಟ್ಟಿನಲ್ಲಿ ಮಾಡಿದ ಗುಲಾಬಿಯ ಎಸಳು, ಗೊಂಬೆಯ ಲಂಗದ ನೆರಿಗೆ, ಬಸ್ಸಿನ ಕಿಟಕಿಗೆ ಒರಗಿದ ಹೆಬ್ಬೆರಳಿನಷ್ಟು ಎತ್ತರದ ಕಂಡಕ್ಟರನ ಅಂಗಿಯ ಕಾಲರು, ಇವುಗಳನ್ನು ನೋಡಿ. ಅವನ್ನು ಮಾಡುತ್ತಿದ್ದವಳು ನನ್ನ ಅಮ್ಮ.

ಅಮ್ಮ ಬೀಡಿ ಕಟ್ಟಿದವಳು. ಅಪ್ಪ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅಂದಿನಿಂದ ಅವಳ ಮೊಣಕಾಲು ಕೈಕೊಡುವವರೆಗೂ ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಕಟ್ಟಿದಳು. ತಡ್ಪೆ ಎಂದರೆ ಗೆರಸೆ, ನಮ್ಮ ತುಳುವಿನಲ್ಲಿ. ಅದರಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಒಂದು ಕಡೆ ತಂಬಾಕು, ನಡುವೆ ನೂಲಿನ ಉಂಡೆ. ಕಣ್ಣು ನನ್ನ ಮೇಲೆ, ಬಾಯಲ್ಲಿ ನೆರೆಮನೆಯವರ ಜೊತೆ ಮಾತು, ಬೆರಳು ಮಾತ್ರ ತಮ್ಮಷ್ಟಕ್ಕೆ ಓಡುತ್ತಿದ್ದವು. ಆ ಬೆರಳಿಗೆ ಸಕ್ಕರೆ ಹಿಟ್ಟು ಎಷ್ಟರದ್ದು? ನಾನು ಸಲಕರಣೆಗಳ ದೊಡ್ಡ ಪೆಟ್ಟಿಗೆ ತರಿಸಿದ್ದೆ. ಅವಳು ಒಮ್ಮೆ ಅದರೊಳಗೆ ಇಣುಕಿ, ಉಗುರಿನಲ್ಲೇ ಎಸಳಿನ ಅಂಚು ಮಡಚಿ ತೋರಿಸಿದಳು. ಪೆಟ್ಟಿಗೆ ಈಗಲೂ ಹೊಸದರಂತೆಯೇ ಇದೆ.

ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಬೀಡಿ ಕಟ್ಟಿದ ಕೈ ತಾಗಿದ ಕೇಕು ಎಂದರೆ ಯಾರು ತಿನ್ನುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ಅವಳು ಬೀಡಿ ಬಿಟ್ಟು ವರ್ಷಗಳಾಗಿದ್ದವು, ಕೈ ತೊಳೆಯುವುದರಲ್ಲಿ ಅವಳು ನನಗಿಂತ ಕಟ್ಟುನಿಟ್ಟು. ಆದರೂ ಹೇಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಇದು ವ್ಯಾಪಾರದ ಮಾತೇ ಅಲ್ಲ. ಶಾಲೆಯಲ್ಲಿ ನನ್ನ ಪುಸ್ತಕಗಳಿಂದ ತಂಬಾಕಿನ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂರುತ್ತಿದ್ದವಳು ಮೂಗು ಮುಚ್ಚಿಕೊಂಡು ಬೆಂಚಿನ ತುದಿಗೆ ಸರಿದದ್ದನ್ನು ನಾನು ಮರೆತಿರಲಿಲ್ಲ. ನಲವತ್ತು ದಾಟಿದ ಮೇಲೂ ಆ ನಾಚಿಕೆ ನನ್ನೊಳಗೆ ಹಾಗೆಯೇ ಕುಳಿತಿತ್ತು.

ಒಮ್ಮೆ ಬಂಟ್ವಾಳದಿಂದ ಬಂದ ಗಿರಾಕಿಯೊಬ್ಬರು ಸೀದಾ ಅಡುಗೆಮನೆಗೆ ನುಗ್ಗಿ, ಹೂ ಮಾಡುತ್ತಿದ್ದ ಅಮ್ಮನನ್ನು ನೋಡಿ "ಇವರು ಯಾರು?" ಎಂದು ಕೇಳಿದರು. "ಸಹಾಯಕ್ಕೆ ಬರ್ತಾರೆ" ಎಂದೆ. ಅಮ್ಮ ಅಷ್ಟರಲ್ಲಿ ಎದ್ದು ನಲ್ಲಿ ಬಿಟ್ಟು ಪಾತ್ರೆ ತೊಳೆಯತೊಡಗಿದ್ದಳು. ನೀರಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಕೇಳಿಸಿತಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಯಾರಾದರೂ ಬಂದರೆ ಅವಳೇ ಒಳಕೋಣೆಗೆ ಹೋಗತೊಡಗಿದಳು. ನನಗೆ ಅದು ಅನುಕೂಲವೇ ಆಯಿತು.

ಹೀಗಿರುವಾಗ ಕಳೆದ ವರ್ಷ ಮೂಡುಬಿದಿರೆಯಿಂದ ಒಂದು ಫೋನು. ಮಾತಾಡಿದವರು ಕಾಲೇಜಿನಲ್ಲಿ ಪಾಠ ಮಾಡುವವರು. ಶಿರ್ತಾಡಿಯ ಮನೆಯಲ್ಲಿ ತಾಯಿಯ ಎಪ್ಪತ್ತನೆಯ ಹುಟ್ಟುಹಬ್ಬವಂತೆ.

"ನಮ್ಗೆ ಬೀಡಿ ತಡ್ಪೆಯ ಕೇಕ್ ಬೇಕು" ಎಂದರು. "ಎಲೆ, ಕತ್ತರಿ, ಬೀಡಿ ಕಟ್ಟು ಎಲ್ಲ ಬೇಕು. ಮಾಡ್ಲಿಕ್ಕೆ ಆಗ್ತದಾ?"

"ನೆಂಟರೆಲ್ಲ ಬರ್ತಾರಲ್ಲ. ಅಮ್ಮನಿಗೆ ಬೇಜಾರಾಗ್ಲಿಕ್ಕಿಲ್ವಾ?" ಎಂದೆ.

"ಎಂತಕ್ಕೆ ಬೇಜಾರು? ನಮ್ಮನ್ನು ಓದಿಸಿದ್ದು ಅದೇ ತಡ್ಪೆ ಅಲ್ವಾ?"

ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬಂತು. ಇಷ್ಟು ಸಲೀಸಾಗಿ ಹೇಳಿಬಿಡಬಹುದಾದ ಮಾತಾ ಇದು? ಆಗ್ತದೆ ಎಂದು ಒಪ್ಪಿಕೊಂಡು ಫೋನಿಟ್ಟೆ.

ಸ್ಪಾಂಜಿನ ಮೇಲೆ ಬಿದಿರಿನ ಬಣ್ಣದ ಹೆಣಿಗೆ ಹಾಕಿ ತಡ್ಪೆ ಮಾಡಿದೆ. ಕೋಕೋ ಪುಡಿ ಬೆರೆಸಿದ ಬಿಸ್ಕೆಟ್ ಹುಡಿ ತಂಬಾಕಾಯಿತು. ಎಲೆಗಳೂ ಪರವಾಗಿಲ್ಲ. ಬೀಡಿ ಮಾತ್ರ ನನ್ನ ಕೈಯಲ್ಲಿ ಆಗಲಿಲ್ಲ. ಚಿಕ್ಕಂದಿನಲ್ಲಿ ಕಲಿಸುತ್ತೇನೆ ಎಂದು ಅಮ್ಮ ಕರೆದಾಗಲೆಲ್ಲ ಪುಸ್ತಕ ಹಿಡಿದುಕೊಂಡು ಓಡಿದವಳು ನಾನು. ನಾನು ಸುತ್ತಿದ್ದೆಲ್ಲ ಮಕ್ಕಳ ಬಣ್ಣದ ಕಡ್ಡಿಗಳಂತೆ ಕಂಡವು. ಅಮ್ಮ ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಡೆಯಲಾಗದೆ ನನ್ನನ್ನು ಮೊಣಕೈಯಿಂದ ಸರಿಸಿದಳು.

"ಇದನ್ನು ಬ್ರಾಂಚಿಗೆ ಕೊಂಡೋದ್ರೆ ಮುಖಕ್ಕೆ ಬಿಸಾಡ್ತಾರೆ" ಎಂದಳು. ಬ್ರಾಂಚು ಎಂದರೆ ಹೆಂಗಸರು ಕಟ್ಟಿದ ಬೀಡಿಯನ್ನು ಒಪ್ಪಿಸುವ ಜಾಗ.

ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಲಟ್ಟಿಸಿ ಕೊಟ್ಟೆ. ಅವಳು ಚೌಕ ಕತ್ತರಿಸಿ, ಒಳಗೆ ಹುಡಿ ತುಂಬಿ, ಓರೆಯಾಗಿ ಸುತ್ತಿ, ಬಾಯಿಯನ್ನು ಉಗುರಿನಿಂದ ಒಳಕ್ಕೆ ಮಡಚಿದಳು. ಒಂದು, ಎರಡು, ಹತ್ತು. ಅವಳ ಮುಖದಲ್ಲಿ ನಾನು ಅಷ್ಟು ಹುಮ್ಮಸ್ಸು ನೋಡದೆ ಬಹಳ ಕಾಲವಾಗಿತ್ತು. ಗುಲಾಬಿ ಮಾಡುವಾಗ ಅವಳು ನನಗೆ ಸಹಾಯ ಮಾಡುತ್ತಿದ್ದಳು. ಇದು ಅವಳದೇ ಕೆಲಸವಾಗಿತ್ತು.

ಕೇಕು ಇಡುವ ಪೆಟ್ಟಿಗೆ ತರಲು ಬೆಳ್ತಂಗಡಿ ಪೇಟೆಗೆ ಹೋಗಿ ಬರುವಷ್ಟರಲ್ಲಿ ಒಂದು ಎಡವಟ್ಟಾಗಿತ್ತು. ಹೊಲಿಗೆ ಮೆಷಿನಿನ ಕೆಂಪು ನೂಲು ತಂದು ಅಷ್ಟೂ ಬೀಡಿಗೆ ನಿಜವಾದ ನೂಲು ಸುತ್ತಿಬಿಟ್ಟಿದ್ದಳು!

"ಎಂತ ಮಾಡಿದ್ದು ನೀನು? ಇದು ತಿನ್ನುವ ವಸ್ತು!"

"ನೂಲಿಲ್ಲದಿದ್ರೆ ಬಿಚ್ಚಿ ಹೋಗ್ತದಲ್ಲ" ಎಂದಳು.

ಸಕ್ಕರೆ ಹಿಟ್ಟು ಬಿಚ್ಚಿ ಹೋಗುತ್ತದೆಯೇ! ಕೇಕಿನ ದಿನ ನನ್ನ ನಾಲಿಗೆಗೆ ಲಗಾಮಿರುವುದಿಲ್ಲ. ಬಾಯಿಗೆ ಬಂದದ್ದೆಲ್ಲ ಅಂದೆ. ಅಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ನೂಲು ಬಿಚ್ಚಿದಳು. ಆ ಜಾಗದಲ್ಲಿ ನಾನು ತಿನ್ನುವ ಬಣ್ಣದಿಂದ ಕೆಂಪು ಗೆರೆ ಎಳೆದೆ. ಎಲೆಯ ಅಡಿಗೆ ಸೇರಿದ್ದ ಒಂದು ಬೀಡಿ ಅವಳ ಕಣ್ಣಿಗೂ ಬೀಳಲಿಲ್ಲ, ನನ್ನ ಕಣ್ಣಿಗೂ ಬೀಳಲಿಲ್ಲ.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಕಾರು ಬಿಡುವುದು ನಾನು, ಕೇಕಿನ ಪೆಟ್ಟಿಗೆ ಹಿಡಿದುಕೊಳ್ಳುವುದು ಅಮ್ಮ. ಗುರುವಾಯನಕೆರೆ ದಾಟಿ ವೇಣೂರಿನ ಕಡೆ ತಿರುಗಿದ ಮೇಲೆ ರಸ್ತೆಯ ಹಂಪು ಒಂದೆರಡಲ್ಲ. ಪ್ರತಿ ಹಂಪಿಗೂ ಅವಳು ಪೆಟ್ಟಿಗೆಯನ್ನು ತೊಡೆಯಿಂದ ಚೂರು ಮೇಲಕ್ಕೆತ್ತಿ ಹಿಡಿಯುತ್ತಿದ್ದಳು. ಶಿರ್ತಾಡಿ ಮುಟ್ಟುವವರೆಗೂ ಬೈದದ್ದಕ್ಕೆ ನನಗೆ ಬೇಸರವಾಗಿತ್ತು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಎಂದಿನಂತೆ ಅಮ್ಮ ಕಾರಿನಲ್ಲೇ ಕುಳಿತಳು. "ನೀನು ಕೊಟ್ಟು ಬಾ, ನಾನು ಇಲ್ಲಿ ಇರ್ತೇನೆ" ಎಂದಳು. ನಾನೂ ಎಂದಿನಂತೆ ಒತ್ತಾಯ ಮಾಡಲಿಲ್ಲ.

ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಕೇಕು ಮೇಜಿನ ಮೇಲೆ ಕೂತ ಕೂಡಲೇ ಜನ ಮುತ್ತಿಕೊಂಡರು. ಹುಟ್ಟುಹಬ್ಬದ ಅಜ್ಜಿ ಕೇಕಿನ ಎದುರು ನಿಂತು ಮೊದಲು ನಕ್ಕರು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಆಗ ಬ್ರಾಂಚಿನಲ್ಲಿ ಕೊಟ್ಟ ಎಲೆ ಇಷ್ಟು ಒಳ್ಳೆದು ಇರ್ಲಿಲ್ಲ" ಎಂದರು. ಎಲ್ಲರೂ ಗೊಳ್ಳೆಂದು ನಕ್ಕರು. ದೀಪ ಆರಿಸುವುದು ಬೇಡ ಎಂದು ಮೋಂಬತ್ತಿಯ ಬದಲು ಕಾಲುದೀಪ ಹಚ್ಚಿ, ಆಮೇಲೆ ಕೇಕು ಕತ್ತರಿಸಿದರು. ನಾನು ಹೊರಡಬೇಕಿತ್ತು. ತಿಂದು ಹೋಗಿ ಎಂದು ಫೋನು ಮಾಡಿದ್ದ ಮಗಳು ನಿಲ್ಲಿಸಿಕೊಂಡರು.

ಅಷ್ಟರಲ್ಲಿ ನೆಂಟರ ಪೈಕಿ ಒಬ್ಬರು ಬಾಯಿಂದ ಏನನ್ನೋ ಎಳೆಯತೊಡಗಿದರು. ಗೇಣುದ್ದದ ಕೆಂಪು ನೂಲು.

"ಎಂತ ಇದು? ಕೇಕಿನಲ್ಲಿ ನೂಲು ಉಂಟಲ್ಲ!"

ಸುತ್ತಲಿನವರ ಚಮಚಗಳು ನಿಂತವು. ಮಗಳ ಮುಖ ಸಣ್ಣಗಾಯಿತು. ಯೋಚಿಸಲು ಪುರಸೊತ್ತೇ ಇಲ್ಲದಂತೆ ಮಾತು ಹೊರಬಂತು. "ಕ್ಷಮಿಸಿ, ಬೀಡಿ ಮಾಡಿದ್ದು ನಮ್ಮ ಕೆಲಸದವರು. ಅವರಿಗೆ ಗೊತ್ತಾಗ್ಲಿಲ್ಲ."

ಅಜ್ಜಿ ಕೈಚಾಚಿ ಆ ನೂಲು ತೆಗೆದುಕೊಂಡರು. ಅರ್ಧ ಕಚ್ಚಿದ ಬೀಡಿಯನ್ನೂ ಕೇಳಿ ತೆಗೆದುಕೊಂಡರು. ಮಡಚಿದ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದು ಕೇಕಿನವರ ಕೈ ಅಲ್ಲ, ಬೀಡಿಯವರ ಕೈ" ಎಂದರು. "ಎಲ್ಲಿದ್ದಾರೆ ಅವರು?"

"ಕಾರಲ್ಲಿ."

"ಬಿಸಿಲಲ್ಲಿ ಕೂರ್ಸಿದ್ದಾ? ಎಂಥ ಜನ ಮಾರಾಯ್ತಿ ನೀವು!" ಎನ್ನುತ್ತ, ಯಾರು ಬೇಡವೆಂದರೂ ಕೇಳದೆ ಅಂಗಳ ದಾಟಿ ಗೇಟಿನ ಕಡೆ ನಡೆದೇ ಬಿಟ್ಟರು. ಹಿಂದೆ ನಾನು, ನನ್ನ ಹಿಂದೆ ಅವರ ಮಗಳು.

ಅಮ್ಮ ನಮ್ಮನ್ನು ಕಂಡವಳೇ ಗಡಬಡಿಸಿ ಕಾರಿನಿಂದಿಳಿದು ಸೀರೆ ಸರಿಮಾಡಿಕೊಂಡಳು. ಅಜ್ಜಿಯ ಕೈಯಲ್ಲಿದ್ದ ನೂಲು ಅವಳಿಗೆ ಕಂಡಿತು. ಏನಾಗಿದೆ ಎಂದು ಕೂಡಲೇ ತಿಳಿದುಹೋಯಿತು.

"ಇದು ಕಟ್ಟಿದ್ದು ನೀವಾ?" ಅಜ್ಜಿ ತುಳುವಿನಲ್ಲಿ ಕೇಳಿದರು.

"ಹೌದು. ತಪ್ಪು ನನ್ನದೇ. ಅವರು ಬೇಡ ಅಂತ ಹೇಳಿದ್ರು. ಅವರಿಗೆ ಎಂತದೂ ಹೇಳ್ಬೇಡಿ" ಎಂದಳು ಅಮ್ಮ. ಆಮೇಲೆ, ಯಾರೂ ಕೇಳದಿದ್ದರೂ ಸೇರಿಸಿದಳು. "ನಾನು ಇವರಲ್ಲಿ ಕೆಲಸಕ್ಕೆ ಬರುವುದು."

ನನ್ನನ್ನು ಅವರು, ಇವರು ಎಂದಳು. ಹುಟ್ಟಿದಂದಿನಿಂದ ನೀನು, ಅವಳು ಎಂದವಳು. ನಾನು ಒಳಗೆ ಹೇಳಿದ ಸುಳ್ಳನ್ನು ಅವಳು ಕೇಳಿಸಿಕೊಂಡಿರಲಿಲ್ಲ, ಕೇಳಿಸಿಕೊಳ್ಳುವ ಅಗತ್ಯವೂ ಇರಲಿಲ್ಲ. ಅವಳ ಹತ್ತಿರ ಅದು ಯಾವತ್ತಿನಿಂದಲೋ ತಯಾರಿತ್ತು. ಒಂದು ಮಾತೂ ತಡವರಿಸಲಿಲ್ಲ. ಅವತ್ತು ನೀರಿನ ಸದ್ದಿನ ನಡುವೆಯೂ ಕೇಳಿಸಿತ್ತು.

"ಅಲ್ಲ" ಎಂದೆ. ಇನ್ನೊಮ್ಮೆ ಹೇಳಿದೆ. "ಅಲ್ಲ. ಇವರು ನನ್ನ ಅಮ್ಮ. ನಾನು ಸುಳ್ಳು ಹೇಳಿದ್ದು. ಬೀಡಿ ಕಟ್ಟಿ ನನ್ನನ್ನು ಸಾಕಿದವರು."

ಅವರ ಮಗಳು ತಲೆ ತಗ್ಗಿಸಿಕೊಂಡರು. ಅಜ್ಜಿ ಅಮ್ಮನ ಬಲಗೈ ಹಿಡಿದು, ನೂಲೆಳೆದು ಗಡುಸಾದ ತೋರುಬೆರಳನ್ನು ತಮ್ಮ ಬೆರಳಿನ ಪಕ್ಕ ಇಟ್ಟು ನೋಡಿದರು. "ಬನ್ನಿ, ಒಳಗೆ ಹೋಗುವ" ಎಂದು ಆ ಕೈ ಬಿಡದೆ ಕರೆದುಕೊಂಡು ಹೋದರು.

ತಮ್ಮ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿ ಕೂರಿಸಿದರು. ಇಬ್ಬರೂ ಎಲೆ ನೆನೆಸುವುದು, ಬ್ರಾಂಚಿನವರ ಕಿರಿಕಿರಿ ಎಂದು ತುಳುವಿನಲ್ಲಿ ಮಾತಿಗಿಳಿದರು. ಅಮ್ಮ ನಗುವುದು ನಾನು ನಿಂತಲ್ಲಿಗೆ ಕೇಳುತ್ತಿತ್ತು. ಪಾಯಸದ ಲೋಟ ಹಂಚುತ್ತ ಬಂದ ಒಬ್ಬ ಹೆಂಗಸು ಅವಳ ಎದುರು ನಿಂತು, "ನಿಮ್ಮ ಪರಿಚಯ ಆಗ್ಲಿಲ್ಲ, ನೀವು ಕೇಕಿನವರಿಗೆ ಎಂತ ಆಗ್ಬೇಕು?" ಎಂದು ಕೇಳಿದರು.

ಅಮ್ಮ ಅಷ್ಟು ಜನರ ನಡುವೆ ನನ್ನನ್ನು ಹುಡುಕಿ, ನನ್ನ ಮುಖ ನೋಡಿದಳು. ಹೇಳಬಹುದಾ ಎಂದು ಕೇಳುತ್ತಿದ್ದಳು. ನಾನು ಹೌದೆಂದು ತಲೆಯಾಡಿಸಿದ ಮೇಲೆಯೇ ಅವಳು ಆ ಹೆಂಗಸಿನ ಕಡೆ ತಿರುಗಿ, "ನಾನು ಅವಳ ಅಮ್ಮ" ಎಂದಳು.