ಖಾಲಿ ಸಿಲಿಂಡರಿನ ಪುಡಿ

ದೆವ್ವ ಕಂಡೆ, ಪವಾಡ ಕಂಡೆ ಅನ್ನುವವರನ್ನು ನಾನು ಮನುಷ್ಯರ ಲೆಕ್ಕಕ್ಕೇ ಹಿಡಿದವನಲ್ಲ. ಅಂಥವರು ಬಾಯಿ ತೆಗೆದರೆ ಎದ್ದು ಹೋಗುತ್ತಿದ್ದೆ. ಈಗ ನಾನೇ ಅಂಥದೊಂದು ಮಾತು ತೆಗೆದು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೇನೂ ಬೇಜಾರಿಲ್ಲ.

ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ತಪಾಸಣೆ ಮಾಡಿ, ಪುಡಿ ತುಂಬಿಕೊಡುವುದು ನನ್ನ ಹೊಟ್ಟೆಪಾಡು. ಹುಬ್ಬಳ್ಳಿಯಿಂದ ಬೈಕಿಗೆ ತೂಕದ ಕಾಟಾ ಕಟ್ಟಿಕೊಂಡು ನವಲಗುಂದ, ಕುಂದಗೋಳ, ಅಣ್ಣಿಗೇರಿ ತಿರುಗುತ್ತೇನೆ. ಈ ಕೆಲಸದಲ್ಲಿ ಸಿಗುವಷ್ಟು ಮೂರ್ಖರು ಬೇರೆಲ್ಲೂ ಸಿಗಲಿಕ್ಕಿಲ್ಲ. ಒಬ್ಬ ಸಿಲಿಂಡರಿಗೆ ಅಂಗಿ ಜೋತುಹಾಕಿರುತ್ತಾನೆ, ಇನ್ನೊಬ್ಬ ಬಾಗಿಲು ಬಡಿಯದಂತೆ ಅದನ್ನೇ ಅಡ್ಡ ಇಟ್ಟಿರುತ್ತಾನೆ. ಆಯುಧಪೂಜೆಗೆ ಕುಂಕುಮ ಮೆತ್ತಿ, ಒತ್ತಡ ತೋರಿಸುವ ಮುಳ್ಳನ್ನೇ ಮುಚ್ಚಿದ ಮಹಾನುಭಾವರೂ ಇದ್ದಾರೆ. ಅದರ ಕೊರಳಿಗೆ ಕಟ್ಟಿದ ತಪಾಸಣೆಯ ಕಾರ್ಡನ್ನಂತೂ ಒಬ್ಬನೂ ಓದುವುದಿಲ್ಲ.

ಅಣ್ಣಿಗೇರಿ ಕಡೆಯ ಒಂದು ಹತ್ತಿ ಗಿರಣಿ, ಹೆಸರು ಬೇಡ. ಕೆಲವು ವರ್ಷದ ಹಿಂದೆ ಅಲ್ಲಿ ತಪಾಸಣೆಗೆ ಹೋದಾಗ ಏಳನೇ ನಂಬರಿನ ಸಿಲಿಂಡರು ಖಾಲಿ ಇತ್ತು. ಮ್ಯಾನೇಜರ್ ಅದನ್ನು ಬೇವಿನ ಗಿಡದ ಜೇನಿನ ಮೇಲೆ ಹೊಡೆದು ಮುಗಿಸಿದ್ದನಂತೆ.

"ಜೇನು ಹೋದ್ವೇನ್ರಿ?" ಎಂದೆ.

"ಎಲ್ಲಿ ಹೋಗ್ತಾವ್ರಿ, ನನಗ ಕಡದ್ವು" ಎಂದ.

ಕಾಟಾಕ್ಕೆ ಹಚ್ಚಿದೆ, ಬರೀ ಡಬ್ಬಿಯ ತೂಕ ಬಂತು. ಹಿಡಿಕೆ ಒತ್ತಿದೆ, ಉಸಿರೂ ಬರಲಿಲ್ಲ. ತೂಕವನ್ನು ನನ್ನ ವಹಿಯಲ್ಲಿ ಬರೆದುಕೊಂಡು, ಅದರ ತಳಕ್ಕೆ ಕಪ್ಪು ಬಣ್ಣದಲ್ಲಿ ಗೀಟು ಎಳೆದೆ. ಖಾಲಿ ಇದ್ದದ್ದಕ್ಕೆ ನಾನು ಹಾಕುವ ಗುರುತು ಅದು.

ಆದರೆ ಕಾರ್ಡುಗಳನ್ನು ನಾನು ಆಗಲೇ ಬರೆದು ಮುಗಿಸಿದ್ದೆ. ಮೊದಲು ಚಹಾ ಕುಡಿಯುತ್ತ ಎಲ್ಲಕ್ಕೂ 'ಸರಿ ಇದೆ' ಎಂದು ಬರೆದು ಸಹಿ ಹಾಕುವುದು, ಆಮೇಲೆ ಸಿಲಿಂಡರು ನೋಡುವುದು ನಮ್ಮ ಮಂದಿಯ ಹೊಲಸು ರೂಢಿ. "ನಾಳೆ ವಿಮಾದವರು ನೋಡಾಕ ಬರ್ತಾರ್ರಿ, ಇದನ್ನ ಒಯ್ಯಬ್ಯಾಡ್ರಿ, ಕಾರ್ಡ್ ಕಟ್ಟಿ ಇಲ್ಲೇ ತೂಗಹಾಕ್ರಿ. ಯಾಂವ ಓದ್ತಾನ?" ಎಂದ ಮ್ಯಾನೇಜರ್. ನನಗೂ ಹಾಗೇ ಅನಿಸಿತು. ಕಟ್ಟಿದೆ, ಹೊಸ ಸೀಲೂ ಹಾಕಿದೆ. ಒಂದು ಕಾರ್ಡಿನ ಮೇಲೆ ಚಹಾ ಚೆಲ್ಲಿ ಹಾಳಾಗಿತ್ತು, ಹೀಗಾಗಿ ಬಾಜೂಕಿನ ಆರನೇ ನಂಬರಿಗೆ ಹೋದ ವರ್ಷದ ಕಾರ್ಡೇ ಉಳಿಯಿತು. ಆರನೆಯದು ಅಗದಿ ತುಂಬಿತ್ತು. ಮುಂದಿನ ವಾರ ಬಂದು ಏಳನೆಯದನ್ನು ಒಯ್ಯುತ್ತೇನೆ ಎಂದವನು ತಿಂಗಳಾದರೂ ಆ ಕಡೆ ಹಾಯಲಿಲ್ಲ. ಬರೀ ಆಲಸ್ಯ, ಮತ್ತೇನಿಲ್ಲ.

ಒಂದು ಮಧ್ಯಾಹ್ನ ಮ್ಯಾನೇಜರನ ಫೋನು ಬಂತು. "ಬೋರ್ಡಿಗೆ ಬೆಂಕಿ ಹತ್ತಿತ್ರಿ. ನಿಮ್ಮ ಸಿಲಿಂಡರ್ ಹೊಡದು ಆರಿಸೀವಿ. ಏಳನೇ ನಂಬರ್, ತುಂಬಿಸಿಕೊಡ್ರಿ."

ವಹಿ, ಕಾಟಾ ಕಟ್ಟಿಕೊಂಡು ಆಗಲೇ ಬೈಕ್ ಹತ್ತಿದೆ.

ಹತ್ತಿಕಾಳು ಇಡುವ ಕೋಣೆಗೆ ಒಂದೇ ಬಾಗಿಲು, ಆ ಬಾಗಿಲ ಮಗ್ಗುಲಲ್ಲೇ ಕರೆಂಟಿನ ಬೋರ್ಡು. ಅದು ಹತ್ತಿ ಉರಿಯುವಾಗ ಒಳಗೆ ಕಸ ಹೊಡೆಯುತ್ತ ಒಬ್ಬ ಮುದುಕಿ ಇದ್ದಳು. ಗಂಡಸರೆಲ್ಲ ಗೇಟಿಗೆ ಓಡಿದ್ದರು, ಎಲ್ಲರಿಗಿಂತ ಮುಂದೆ ಮ್ಯಾನೇಜರ್. ಮುದುಕಿಯ ಮಗಳು ಹಸೀನಾ, ಅಲ್ಲೇ ಹತ್ತಿ ಹಸನು ಮಾಡುವವಳು, ಒಬ್ಬಳೇ ಸಿಲಿಂಡರು ಕಿತ್ತುಕೊಂಡು ಹೊಡೆದು ಬೆಂಕಿ ಆರಿಸಿ ತಾಯಿಯನ್ನು ಹೊರಗೆ ಎಳೆದಿದ್ದಳು.

ಗೋಡೆ, ನೆಲ, ಮುದುಕಿಯ ಕೂದಲು, ಎಲ್ಲ ಕಡೆ ಪುಡಿ. ನಾನು ಸಿಲಿಂಡರು ಡಬ್ಬು ಹಾಕಿ ನೋಡಿದೆ. ತಳದಲ್ಲಿ ನನ್ನದೇ ಕಪ್ಪು ಗೀಟು ಇತ್ತು. ಕಾಟಾಕ್ಕೆ ಹಚ್ಚಿದರೆ ವಹಿಯಲ್ಲಿದ್ದ ತೂಕವೇ ಬಂತು, ಒಂದು ಗುಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಆರನೆಯದು ತನ್ನ ಮೊಳೆಗೆ ಹಾಗೇ ತೂಗುತ್ತಿತ್ತು. ಸೀಲು ಒಡೆದಿರಲಿಲ್ಲ, ತೂಕವೂ ಪೂರ್ತಿ ಇತ್ತು. ಉಳಿದವೆಲ್ಲ ತಮ್ಮ ತಮ್ಮ ಮೊಳೆಯಲ್ಲೇ ಇದ್ದವು.

"ಸನೇದಾಗ ಇದ್ದದ್ದು ಆರನೇದರಿ" ಎಂದಳು ಹಸೀನಾ. "ಕಾರ್ಡ್ ನೋಡಿದೆ, ಹಳೇದಿತ್ತು. ಇದರಾಗ ನಿಮ್ಮ ಸಹಿ ಇತ್ತಲ್ರಿ, ಇದನ್ನ ಹಿಡಕೊಂಡೆ."

ಆಕೆಯ ತಾಯಿ ನನ್ನ ಎರಡೂ ಕೈ ಹಿಡಿದು "ನಿಮ್ಮ ಹೊಟ್ಟಿ ತಣ್ಣಗಿರ್ಲಿರಿ" ಎಂದಳು. ನನಗೆ ನನ್ನ ಮೇಲೆ ಹೇಸಿಕೆ ಬಂತು. "ಛಲೋ ಮಾಡಿದ್ಯವ್ವಾ" ಎಂದು ಹಸೀನಾಗೆ ಹೇಳಿ ಹೊರಬಿದ್ದೆ.

ಮ್ಯಾನೇಜರ್ ತುಂಬಿಸಿಟ್ಟನೇ? ಆ ಹೇಡಿಗೆ ಅದರ ಪಿನ್ನು ಯಾವ ಕಡೆ ಇದೆ ಅನ್ನುವುದೂ ಗೊತ್ತಿಲ್ಲ. ಕಾಟಾ ತಪ್ಪಿತೇ? ಅದೇ ದಿನ ಅದೇ ಕಾಟಾ ಉಳಿದವುಗಳ ತೂಕ ಸರಿಯಾಗಿ ತೋರಿಸಿತ್ತು. ಪವಾಡ ಅನ್ನಲು ನನಗೆ ನಾಲಗೆ ಹೊರಳುವುದಿಲ್ಲ. ನನ್ನಂಥವನ ಸುಳ್ಳು ಸಹಿಗೆ ಯಾವ ದೇವರು ಮರ್ಯಾದೆ ಕೊಟ್ಟಾನು? ಆದರೆ ಆ ಪುಡಿಯನ್ನು ನಾನೇ ಮುಟ್ಟಿ ನೋಡಿದ್ದೇನೆ.

ಹೋದ ವರ್ಷ ಅದೇ ಗಿರಣಿಗೆ ಹೋದಾಗ ತಡೆಯಲಾಗಲಿಲ್ಲ. ಹಸೀನಾಳನ್ನು ಕರೆದು ಎಲ್ಲ ಹೇಳಿಬಿಟ್ಟೆ. ಸಿಲಿಂಡರು ಖಾಲಿ ಇತ್ತು, ಗೊತ್ತಿದ್ದೂ ಕಾರ್ಡ್ ಕಟ್ಟಿದ್ದೆ, ನಿನ್ನ ತಾಯಿ ನನ್ನಿಂದ ಸಾಯಬೇಕಾಗಿತ್ತು ಎಂದೆ. ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದೇ ನಿಂತಿದ್ದೆ. ಆಕೆ ನಕ್ಕುಬಿಟ್ಟಳು.

"ಏನರ ಮಾತಾಡ್ತೀರಿ ಸರ. ಖಾಲಿ ಇದ್ದಿದ್ರ ಅಮ್ಮಿ ಈಗ ಮನಿಯಾಗ ರೊಟ್ಟಿ ಬಡೀತಿದ್ಲೇನ್ರಿ?"

ನಾನು ಮುಂದಿನ ಸಿಲಿಂಡರನ್ನು ಕಾಟಾಕ್ಕೆ ಹಚ್ಚಿದೆ.