ಇಪ್ಪತ್ತೇಳನೆಯ ಕಾಲಂ

ಕೊಪ್ಪಳದ ಹೇಮಪ್ಪನಿಗೆ ಬೈಸಿಕೊಳ್ಳುವುದೆಂದರೆ ಆಗುತ್ತಿರಲಿಲ್ಲ. ಸಾಲಿಯಲ್ಲಿ ಮಾಸ್ತರರಿಂದ ಬೈಸಿಕೊಂಡವನಲ್ಲ, ನೌಕರಿಯಲ್ಲಿ ಮೇಲಿನ ಕಚೇರಿಯಿಂದ ಬೈಸಿಕೊಂಡವನಲ್ಲ. ಅದರ ಗುಟ್ಟು ಇಷ್ಟೇ: ಕಾಗದ ಕೇಳಿದ್ದಕ್ಕೆ ಉತ್ತರ ಬರೆಯುವುದು, ಕೇಳದೇ ಇದ್ದದ್ದನ್ನು ಕಣ್ಣಾರೆ ಕಂಡರೂ ಸುಮ್ಮನಿರುವುದು. ಅವನ ಅಪ್ಪ ಆದೆಪ್ಪ ಮುನಿರಾಬಾದಿನ ಡ್ಯಾಮಿನಲ್ಲಿ ಗೇಟು ಎತ್ತುವ ಆಳಾಗಿದ್ದ. “ಎತ್ತು ಅಂದ್ರ ಎತ್ತಬೇಕು, ಇಳಸು ಅಂದ್ರ ಇಳಸಬೇಕು. ನೀರು ಎಲ್ಲಿಗೆ ಹೊಂಟೈತಿ ಅಂತ ಕೇಳಾಕ ಹೋಗಬಾರದು” ಎಂದು ಮಗನಿಗೆ ಹೇಳಿಕೊಟ್ಟು ಕಣ್ಣು ಮುಚ್ಚಿದ. ಮಗ ಆ ಮಾತನ್ನು ಮೀರಲಿಲ್ಲ.

ಎಪ್ಪತ್ತೆಂಟನೇ ಇಸವಿಯಲ್ಲಿ ಹೇಮಪ್ಪನಿಗೆ ವೃದ್ಧಾಶ್ರಮಗಳ ತಪಾಸಣೆಯ ಕೆಲಸ ಬಿತ್ತು. ಗಂಗಾವತಿಯಲ್ಲೊಂದು, ಕುಷ್ಟಗಿಯಲ್ಲೊಂದು, ಯಲಬುರ್ಗಾದಲ್ಲೊಂದು, ಒಟ್ಟು ಮೂರು. ವರ್ಷಕ್ಕೊಮ್ಮೆ, ಹದಿನೈದು ದಿನ ಮೊದಲೇ ಪತ್ರ ಬರೆದು ತಿಳಿಸಿ, ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಬಸ್ಸು ಹತ್ತುತ್ತಿದ್ದ. ಕೈಯಲ್ಲಿ ನಲವತ್ತು ಕಾಲಮ್ಮಿನ ನಮೂನೆ. ಮೂರೂ ಕಡೆ ಅವನು ನೋಡುತ್ತಿದ್ದದ್ದು ಅವೇ ಹದಿನೆಂಟು ಕಂಬಳಿ. ಸೋಮವಾರ ಗಂಗಾವತಿಯಲ್ಲಿ ಮಂಚದ ಮೇಲಿದ್ದವೇ ಮಂಗಳವಾರ ಅವನು ಕುಷ್ಟಗಿಗೆ ಹೋಗುವ ಬಸ್ಸಿನ ತಲೆಯ ಮೇಲೇ ಗಂಟಾಗಿ ಕೂತು ಬರುತ್ತಿದ್ದವು. ಒಂದರ ಮೂಲೆಯಲ್ಲಿ ಬೀಡಿ ಸುಟ್ಟ ತೂತು. ವರ್ಷಗಳ ಒಡನಾಟದಿಂದ ಆ ತೂತು ಹೇಮಪ್ಪನಿಗೆ ನೆಂಟನ ಹಾಗೆ ಆಗಿಬಿಟ್ಟಿತ್ತು. ಆದರೆ ನಮೂನೆ ‘ಕಂಬಳಿ ಇವೆಯೇ?’ ಎಂದು ಕೇಳುತ್ತಿತ್ತೇ ಹೊರತು ‘ಯಾರವು?’ ಎಂದು ಕೇಳುತ್ತಿರಲಿಲ್ಲ. ಅವನು ‘ಇವೆ’ ಎಂದು ಬರೆಯುತ್ತಿದ್ದ. ಸುಳ್ಳು ಬರೆದವನಲ್ಲ ಹೇಮಪ್ಪ. ಅದು ಅವನ ಹೆಮ್ಮೆ.

ಎಂಬತ್ತೆರಡರಲ್ಲಿ ನಮೂನೆಗೆ ಇಪ್ಪತ್ತೇಳನೆಯ ಕಾಲಂ ಹೊಸದಾಗಿ ಬಂತು. ನೆನಪಿನ ಪರೀಕ್ಷೆ. ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ: ಇವತ್ತು ಯಾವ ವಾರ, ನಿಮ್ಮ ಊರು ಯಾವುದು, ನಿಮ್ಮ ಗಂಡನ ಅಥವಾ ಹೆಂಡತಿಯ ಹೆಸರೇನು. ಎದುರಿಗೆ ‘ಹೇಳಿದರು’, ‘ಹೇಳಲಿಲ್ಲ’ ಎಂದು ಎರಡೇ ಮನೆ. ಮೂರರಲ್ಲಿ ಒಂದನ್ನು ಹೇಳದಿದ್ದರೂ ಅರಳುಮರಳು ಎಂದು ಬರೆದು, ಅಂಥವರನ್ನು ಅವರ ಸುರಕ್ಷತೆಯ ಸಲುವಾಗಿ, ಹೊರಗಿನಿಂದ ಚಿಲಕವಿರುವ ಕೋಣೆಯಲ್ಲಿ ಇಡತಕ್ಕದ್ದು.

ಗಂಡಸರ ಪರೀಕ್ಷೆ ಸಲೀಸು. ಯಲಬುರ್ಗಾದ ಹುಸೇನಪ್ಪನೆಂಬ ಮುದುಕ ವರ್ಷಕ್ಕೊಬ್ಬಳು ಹೆಂಡತಿಯ ಹೆಸರು ಹೇಳುತ್ತಿದ್ದ. ಒಂದು ವರ್ಷ ಗೌರಮ್ಮ, ಮರುವರ್ಷ ತಿಮ್ಮವ್ವ, ಅದರ ಮರುವರ್ಷ ಪಕ್ಕದ ಮಂಚದವನ ಹೆಂಡತಿಯ ಹೆಸರು. ‘ಹೇಳಿದರು’ ಎಂದು ಹೇಮಪ್ಪ ಗುರುತು ಹಾಕಿದ. ಸರಿಯಾಗಿ ಹೇಳಿದರೋ ಎಂಬುದಕ್ಕೆ ಮನೆಯಿರಲಿಲ್ಲ.

ಹೆಂಗಸರ ಪರೀಕ್ಷೆಯಲ್ಲಿ ಗಾಡಿ ಹೂತಿತು. ಅದೇ ಯಲಬುರ್ಗಾದ ಆಶ್ರಮದಲ್ಲಿದ್ದ ಮುದುಕವ್ವ ಎಂಬಾಕೆ ಕನಕಗಿರಿ ಕಡೆಯವಳು, ಎಪ್ಪತ್ತು ದಾಟಿದ್ದರೂ ಸೂಜಿಗೆ ದಾರ ಪೋಣಿಸುವವಳು. ವಾರ ಹೇಳಿದಳು. ಊರು ಹೇಳಿದಳು, ಊರಿನ ಬಾವಿ ಎಷ್ಟು ಅಂತಲೂ ಹೇಳಿದಳು. ಗಂಡನ ಹೆಸರು ಕೇಳಿದ ಕೂಡಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಆ ಸೀಮೆಯಲ್ಲಿ ಯಾವ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದ್ದಾಳೆ? ಹೇಳಬೇಕೆಂದರೆ ಮದುವೆಯ ದಿನ, ಹೊಸ್ತಿಲ ಮುಂದೆ, ನಾದಿನಿಯರು ದಾರಿ ಕಟ್ಟಿದಾಗ, ಎರಡು ಸಾಲಿನ ಒಡಪು ಕಟ್ಟಿ ಅದರ ನಡುವೆ ಹೆಸರನ್ನು ಬಚ್ಚಿಟ್ಟು ಹೇಳಬೇಕು. ಇದು ಹೇಮಪ್ಪನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಅವನ ಹೆಂಡತಿ ಸುಂಕಲಮ್ಮ ರೇಷನ್ ಅಂಗಡಿಯಲ್ಲಿ ಅವನ ಹೆಸರು ಕೇಳಿದರೆ ಪಕ್ಕದ ಮನೆಯವಳ ಕೈಲಿ ಹೇಳಿಸುತ್ತಿದ್ದಳು. ಆದರೆ ನಾಚಿಕೆಗೆ ನಮೂನೆಯಲ್ಲಿ ಮನೆಯಿರಲಿಲ್ಲ.

ಅಲ್ಲಿ ಕಸ ಹೊಡೆಯುವುದರಿಂದ ಹಿಡಿದು ಮುದುಕಿಯರ ತಲೆ ಬಾಚುವ ತನಕ ಎಲ್ಲವನ್ನೂ ಮಾಡುತ್ತಿದ್ದವಳು ಪಕೀರಮ್ಮ. ಅವಳು ಪೊರಕೆ ಹಿಡಿದೇ ಹೇಳಿದಳು: “ಸಾಹೇಬ್ರ, ಒಡಪ ಹಾಕಸ್ಲೇನ್ರಿ? ಅದರಾಗ ಹೇಳ್ತಾಳ.”

“ಇದು ಸರ್ಕಾರಿ ತಪಾಸಣಿ, ಮದುವಿ ಮನಿ ಸೋಬಾನಿ ಅಲ್ಲ” ಅಂದ ಹೇಮಪ್ಪ. ‘ಹೇಳಲಿಲ್ಲ’ ಎಂದು ಗುರುತು ಬಿತ್ತು. ಮುದುಕವ್ವ ಹಿಂದಿನ ಕೋಣೆಗೆ ಹೋದಳು. ಮುಂದಿನ ತಪಾಸಣೆಗಳಲ್ಲಿ ಹೇಮಪ್ಪ ಆ ಕೋಣೆಯ ಚಿಲಕವನ್ನು ಮಾತ್ರ ತಾನೇ ಎಳೆದು ನೋಡಿ ‘ಗಟ್ಟಿಯಿದೆ’ ಎಂದು ಬರೆಯುತ್ತಿದ್ದ. ಒಳಗೆ ಹೋಗುತ್ತಿರಲಿಲ್ಲ, ನಮೂನೆ ಹೋಗು ಎಂದಿರಲಿಲ್ಲ.

ಹೀಗೇ ನಡೆದಿದ್ದರೆ ಹೇಮಪ್ಪ ಸುಖವಾಗಿ ನಿವೃತ್ತನಾಗುತ್ತಿದ್ದ. ಎಂಬತ್ತೈದರಲ್ಲಿ ಅವನ ತಾಯಿ ಉಡಚಮ್ಮನಿಗೆ ಮರೆವು ಹತ್ತಿತು. ಮೊದಲು ಉಪ್ಪು ಎರಡು ಸಲ ಹಾಕಿದಳು. ಆಮೇಲೆ ಉರಿಯುವ ಒಲೆಗೆ ತನ್ನ ಸೀರೆಯನ್ನೇ ತುರುಕಿದಳು. ಆಮೇಲೆ ‘ನಮ್ಮವ್ವ ದಾರಿ ಕಾಯಾಕ ಹತ್ಯಾಳ’ ಎಂದು ತವರೂರು ಗಿಣಿಗೇರಾದ ದಾರಿ ಹಿಡಿದು ನಡೆದುಬಿಡತೊಡಗಿದಳು. ಎರಡು ಸಲ ರೈಲ್ವೆ ಗೇಟಿನವನು ಕೈಹಿಡಿದು ಕರೆತಂದ. ಮಗನನ್ನು ‘ಸಾಹೇಬ’ ಎಂದು ಕರೆಯತೊಡಗಿದಾಗ ಹೇಮಪ್ಪನ ಎದೆಗೆ ಚೂರಿ ಹಾಕಿದಂತಾಯಿತು. ಎಂಟು ತಿಂಗಳು ಅತ್ತೆಯ ಹಿಂದೆ ಹಿಂದೆ ತಿರುಗಿ ಸೊರಗಿದ ಸುಂಕಲಮ್ಮ ಒಂದು ದಿನ ಬಿಕ್ಕಿ ಬಿಕ್ಕಿ ಅತ್ತಳು.

“ನನ್ನ ಕೈಲೆ ಆಗವಲ್ದುರಿ. ಒಂದಿನ ರೈಲಿನ ಬಾಯಾಗ ಹೋಗ್ತಾಳ. ನಿಮಗ ಮೂರು ಆಶ್ರಮ ಗೊತ್ತದಾವಲ್ಲ, ಯಾವುದು ಛಲೋ ಐತಿ ಹೇಳ್ರಿ.”

ಮೂರಕ್ಕೂ ‘ಅತ್ಯುತ್ತಮ’ ಎಂದು ಬರೆದವನು ಹೇಮಪ್ಪನೇ. ಗಂಗಾವತಿಯಲ್ಲಿ ಬಾವಿಗೆ ಕಟ್ಟೆಯಿಲ್ಲ. ಬಾವಿ ಇದೆಯೇ ಎಂದಷ್ಟೇ ನಮೂನೆ ಕೇಳಿತ್ತು. ಕುಷ್ಟಗಿಯಲ್ಲಿ ಅಡಿಗೆಯವನು ಇದ್ದ, ಮಧ್ಯಾಹ್ನದ ಹೊತ್ತಿಗೆ ಕುಡಿದು ಗೋಡೆ ಹಿಡಿದು ನಡೆಯುತ್ತಿದ್ದ. ಅವ್ವನನ್ನು ಆ ಬಾವಿಯ ಹತ್ತಿರ ನಿಲ್ಲಿಸಿದಂತೆ ನೆನೆಸಿಕೊಂಡು ಅವೆರಡನ್ನೂ ಮನಸ್ಸಿನಲ್ಲೇ ಹೊಡೆದುಹಾಕಿದ. ಉಳಿದದ್ದು ಯಲಬುರ್ಗಾ. ಅಲ್ಲಿ ಪಕೀರಮ್ಮ ಇದ್ದಳು. ಅಲ್ಲೇ ಆ ಹಿಂದಿನ ಕೋಣೆಯೂ ಇತ್ತು.

ಒಂದು ಸೋಮವಾರ ತಾಯಿಯನ್ನು ಬಸ್ಸು ಹತ್ತಿಸಿಕೊಂಡು ಹೋಗಿ ಅಲ್ಲಿಯ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರಿಸಿದ. ಆಶ್ರಮದ ಮ್ಯಾನೇಜರ್ ವಿರುಪಣ್ಣ ಹೇಮಪ್ಪನ ಸಹಿಯಿದ್ದ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

“ನೀವ ಅತ್ಯುತ್ತಮ ಅಂತ ಬರದೀರಿ ಸಾಹೇಬ್ರ, ಇನ್ನ ನೋಡೂದೇನೈತ್ರಿ?” ಎಂದು ನಗುತ್ತ ನಮೂನೆಯನ್ನು ಮುಂದಿಟ್ಟ. “ಇಪ್ಪತ್ತೇಳನೇದು ಒಂದು ನೀವ ತುಂಬಿಬಿಡ್ರಿ. ಇಲ್ಲಾಂದ್ರ ಇಬ್ಬರಿಗೂ ಮ್ಯಾಲಿಂದ ಬೈಗಳ ಬರ್ತಾವ.”

ಬೈಗಳ ಎಂದ ಕೂಡಲೇ ಹೇಮಪ್ಪನ ಕೈ ತಾನೇ ಪೆನ್ನು ತೆಗೆಯಿತು.

“ಇವತ್ತು ಯಾವ ವಾರ ಬೇ?”

“ಸ್ವಾಮಾರಪ. ಎತ್ತು ಹೂಡಂಗಿಲ್ಲ ಇವತ್ತ.” ಹೇಮಪ್ಪನ ಮುಖ ಅರಳಿತು.

“ಊರು?”

“ಗಿಣಿಗೇರಾ.”

“ಗಂಡನ ಹೆಸರು?”

ಉಡಚಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹದಿನಾರರ ಹುಡುಗಿಯ ನಾಚಿಕೆ ಅದು. “ಛೀ ಸಾಹೇಬ, ಅದನ್ನ ಕೇಳಬಾರದಪ” ಎಂದು ಗೋಡೆಗೆ ತಿರುಗಿದಳು.

ಪೆನ್ನು ಆ ಎರಡು ಮನೆಗಳ ನಡುವೆ ನಿಂತಿತು. ‘ಹೇಳಿದರು’ ಎಂದರೆ ಸುಳ್ಳು, ಜನ್ಮದಲ್ಲಿ ಬರೆದಿಲ್ಲ. ‘ಹೇಳಲಿಲ್ಲ’ ಎಂದರೆ ಅವ್ವ ಚಿಲಕದ ಒಳಗೆ. ಅಷ್ಟರಲ್ಲಿ ಹಿಂದಿನ ಕೋಣೆಯ ಕಿಟಕಿಯಿಂದ ಒಂದು ದನಿ ಬಂತು.

“ಕೇಳಬ್ಯಾಡ ಬಿಡಪ. ನಾನೂ ಹೇಳಲಿಲ್ಲ. ಅದಕ್ಕ ಇಲ್ಲಿ ಅದೀನಿ.”

ಮುದುಕವ್ವನ ದನಿ. ಹೇಮಪ್ಪ ಆ ಕಡೆ ಮುಖ ಎತ್ತಲಾರದೆ ಕೂತ. ಪೊರಕೆ ಕೆಳಗಿಟ್ಟ ಪಕೀರಮ್ಮ ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ನೇರ ಬಂದು ಬಾಗಿಲಿಗೆ ಅಡ್ಡ ಕೈಹಚ್ಚಿ ನಿಂತಳು, ಮದುಮಗಳ ದಾರಿ ಕಟ್ಟುವ ನಾದಿನಿಯ ಹಾಗೆ.

“ಹೆಸರ ಹೇಳಿ ಒಳಗ ಬಾರ ನಮ್ಮವ್ವ. ಒಡಪ ಹಾಕಲಾರದ ಬಿಡಂಗಿಲ್ಲ ನೋಡು!”

ಉಡಚಮ್ಮನ ಬೆನ್ನು ನೆಟ್ಟಗಾಯಿತು. ಒಂದು ಕೈಯಲ್ಲಿ ಸೆರಗು ಸರಿಮಾಡಿಕೊಂಡು, ತಡವರಿಸದೆ ಅಂದಳು:

“ತುಂಬಿದ ಹೊಳಿಯಾಗ ತೇಲಿ ಬಂತು ತೆಂಗಿನಕಾಯಿ,
ಆದೆಪ್ಪನೋರ ಕೈ ಹಿಡದು ಮರತೆ ಹಡದ ತಾಯಿ.”

ಹೇಮಪ್ಪ ‘ಹೇಳಿದರು’ ಎಂದು ಗುರುತು ಹಾಕಿದ. ಕಣ್ಣೀರು ಬಿದ್ದು ಮಸಿ ಹರಡಿತು, ಒರೆಸಲಿಲ್ಲ. ಮೂರು ವರ್ಷದ ಹಿಂದೆ ಇದೇ ಪಕೀರಮ್ಮ ಇದೇ ಮಾತು ಹೇಳಿದ್ದಳು. ಎರಡು ಸಾಲು ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ನಾಚಿಕೆಯಿಂದ ಅವನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

“ಇವರ್ಯಾರ ಗೊತ್ತೇನಬೇ?” ಎಂದು ಪಕೀರಮ್ಮ ಹೇಮಪ್ಪನನ್ನು ತೋರಿಸಿದಳು. ಉಡಚಮ್ಮ ಬಹಳ ಹೊತ್ತು ಅವನ ಮುಖ ನೋಡಿದಳು. “ಯಾರೋ ಸಾಹೇಬ. ಮಾರಿ ಮಾತ್ರ ನಮ್ಮನಿಯವರದ ಐತಿ” ಅಂದವಳೇ ಮತ್ತೆ ಸೆರಗು ಬಾಯಿಗೆ ಹಿಡಿದಳು.

ಹೇಮಪ್ಪ ಎದ್ದು ಹಿಂದಿನ ಕೋಣೆಗೆ ಹೋದ. ವರ್ಷಕ್ಕೊಮ್ಮೆ ಎಳೆದು ನೋಡುತ್ತಿದ್ದ ಚಿಲಕವನ್ನು ಮೊದಲ ಸಲ ತೆಗೆದ. “ಸಾಹೇಬ್ರ, ಮ್ಯಾಲಿಂದ ಕೇಳಿದ್ರ?” ಅಂದ ವಿರುಪಣ್ಣ. “ಬೈಸಿಕೊಳ್ತೀನಿ” ಅಂದ ಹೇಮಪ್ಪ.

ಮುದುಕವ್ವ ಗೋಡೆ ಹಿಡಿದು ಹೊರಗೆ ಬಂದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಂಗಳವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಬೈಯುತ್ತಾಳೆಂದು ಹೇಮಪ್ಪ ತಲೆ ತಗ್ಗಿಸಿ ನಿಂತ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಇವತ್ತ ಯಾವ ವಾರಪ?” ಎಂದು ಕೇಳಿದಳು, ಅಂದು ಕೇಳಿದ ಕೂಡಲೇ ವಾರ ಹೇಳಿದ್ದ ಮುದುಕವ್ವ.

“ಸೋಮವಾರ ಬೇ” ಅಂದ ಹೇಮಪ್ಪ. ಅವಳು ತಲೆಯಾಡಿಸಿ ಹೋಗಿ ಉಡಚಮ್ಮನ ಪಕ್ಕ ಕಟ್ಟೆಯ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳಿದಳು. ಅವನು ಮತ್ತೆ ಹೇಳಿದ.