ಅಕ್ಕನ ಕೈಯಲ್ಲಿ ನೀಲಿ ಟವೆಲ್

ಪುರಾಣದ ವೀರರಿಗೆ ಹೆಗಲಲ್ಲಿ ಬಿಲ್ಲು, ಬೆನ್ನಿಗೆ ಬತ್ತಳಿಕೆ. ನಮ್ಮ ಬೀದಿಯ ವೀರನಿಗೆ ಕೈಯಲ್ಲೊಂದು ಸ್ಕ್ರೂಡ್ರೈವರ್, ಬೆನ್ನ ಹಿಂದೆ ಮೊಳೆಗೆ ನೇತುಹಾಕಿದ ನೀಲಿ ಟವೆಲ್. ಹೊಲಿಗೆ ಮಿಷನ್ ರಿಪೇರಿ ಮಾಡುವ ಈ ಮಹಾಶಯ "ಇದು ಆಗಲ್ಲ" ಎಂದದ್ದನ್ನು ಕೇಳಿದ ಕಿವಿ ಭೂಮಂಡಲದಲ್ಲಿಲ್ಲ. ಹಾಗೆನ್ನುವ ಅಧಿಕಾರ ಅವನಿಗಿಲ್ಲ. ಅದು ಅವನ ಹೆಂಡತಿಯದು.

ಇದಕ್ಕೆಲ್ಲ ಮೂಲ ಅವಳ ತಮ್ಮ, ಇಂಗ್ಲಿಷ್ ಮೇಷ್ಟ್ರು. ಒಂದು ದಿನ ಟೀವಿಯಲ್ಲಿ ಬಾಕ್ಸಿಂಗ್ ನೋಡುತ್ತ ಪಾಠ ಶುರುಮಾಡಿದರು:

"ಏಟು ತಿನ್ನೋನು ತಾನಾಗಿ ಸೋತೆ ಅಂತಾನಾ ಅಕ್ಕಾ? ಅವನ ಕಡೆಯೋರು ಪಕ್ಕದಲ್ಲಿ ನಿಂತಿರ್ತಾರಲ್ಲ, ಅವರು 'ಇನ್ನು ಸಾಕು' ಅಂತ ಒಳಗೆ ಟವೆಲ್ ಎಸೀತಾರೆ. ಯಾರಾದ್ರೂ ಆಸೆ ಬಿಟ್ಟು ಕೈಚೆಲ್ಲಿದ್ರೆ ಇಂಗ್ಲಿಷಲ್ಲಿ 'ಟವೆಲ್ ಎಸೆದ' ಅನ್ನೋದು ಅದಕ್ಕೇ."

"ಇವರ ಪಕ್ಕದಲ್ಲಿ ನಿಲ್ಲೋಳು ನಾನು ತಾನೆ?" ಎಂದಳು ಅಕ್ಕ. ಮರುದಿನವೇ ಅಂಗಡಿಯಲ್ಲಿ ಮೊಳೆ ಹೊಡೆದಾಯಿತು. ಅವಳ ಟವೆಲ್ ಬಿದ್ದ ಮಿಷನ್ ಸೀದಾ ಗುಜರಿಗೆ, ಮೇಲ್ಮನವಿ ಇಲ್ಲ.

ಮೊನ್ನೆ ಎದುರುಮನೆಯ ಟೈಲರಮ್ಮನ ಮಿಷನ್ ಬಂತು. ಚಕ್ರ ಜಪ್ಪಯ್ಯ ಅಂದರೂ ಅಲುಗದು. ಬೆಳಗಾದರೆ ಶಾಲೆಯ ಸಮವಸ್ತ್ರ ಒಪ್ಪಿಸಬೇಕು. ತಪ್ಪಿದರೆ ವರ್ಷದ ಕೆಲಸವೇ ಬೇರೆಯವರ ಪಾಲು. ಯುದ್ಧ ಆರಂಭವಾಯಿತು. ಸೀಮೆಎಣ್ಣೆ ಹೊಯ್ದದ್ದಾಯಿತು, ಸುತ್ತಿಗೆಯಿಂದ ಮುದ್ದಿಸಿದ್ದಾಯಿತು, ಮಿಷನ್ನಿನ ವಂಶವನ್ನೆಲ್ಲ ಬೈದದ್ದೂ ಆಯಿತು. ಮಧ್ಯಾಹ್ನ ಜಾರಿತು. ಶಾಲೆ ಮುಗಿಸಿದ ಮೇಷ್ಟ್ರೂ ಬಂದು ಬಾಗಿಲಲ್ಲಿ ನಿಂತರು. ಚಕ್ರ ಮಾತ್ರ ಮುನಿಸಿಕೊಂಡ ಬೀಗರಂತೆ ಕೂತೇ ಇತ್ತು.

ಅಕ್ಕ ಎದ್ದು ಟವೆಲ್ ಕೈಗೆತ್ತಿಕೊಂಡಳು. ವೀರ ತಲೆ ಎತ್ತಿ ಅವಳನ್ನೇ ನೋಡಿದ.

"ಅಕ್ಕಾ, ಇನ್ನೊಂದೇ ಒಂದು ಸಲ ನೋಡೋಕೆ ಹೇಳಿ," ಎಂದಳು ಟೈಲರಮ್ಮ.

ಅಕ್ಕ ಟವೆಲಿನಿಂದ ಗಂಡನ ಹಣೆ ಒರೆಸಿ, ಅದನ್ನು ಮತ್ತೆ ಮೊಳೆಗೆ ಹಾಕಿದಳು. "ಹೂಂ, ಈಗ ಕೆಳಗಿಂದ ಬಿಚ್ಚಿ."

ಮಿಷನ್ ಮಗುಚಿ ತಳ ಬಿಚ್ಚಿದರೆ, ಒಳಗಿನ ಸರಳಿಗೆ ಹಳೇ ನೂಲು ಸುತ್ತಿ ಸುತ್ತಿ ಕಲ್ಲಾಗಿತ್ತು. ಬ್ಲೇಡಿನಿಂದ ಕೆತ್ತಿ ತೆಗೆದ. ಚಕ್ರ ತಿರುಗಿತು. ಅಳಬೇಕೋ ನಗಬೇಕೋ ತಿಳಿಯದೆ ಟೈಲರಮ್ಮ ಅಲ್ಲೇ ಒಂದು ಕಾಲರ್ ಹೊಲಿದುಬಿಟ್ಟಳು.

ಮೇಷ್ಟ್ರ ಕಣ್ಣು ತುಂಬಿ ಬಂತು. "ಭಾವ, ಅಕ್ಕ ಟವೆಲ್ ಎತ್ಕೊಂಡಾಗ ಹಾಗೆ ನೋಡಿದ್ರಲ್ಲ, 'ಎಸೀಬೇಡ, ಇನ್ನೂ ಆಸೆ ಇದೆ' ಅಂತ ತಾನೆ?"

"ಇಲ್ಲಪ್ಪ, ನಾನು ಬೆಳಿಗ್ಗೇನೇ ಆಸೆ ಬಿಟ್ಟಿದ್ದೆ. ಎಸೆದ್ರೆ ಊಟಕ್ಕೆ ಏಳ್ಬಹುದಲ್ಲ ಅಂತ ನೋಡ್ತಿದ್ದೆ."